ಪ್ರಶ್ನೆ ಕೇಳದ ನಿಧಾನಮ್ಮ

ನಾನು ಕಂಡ ಮನುಷ್ಯರಲ್ಲಿ ಪ್ರಶ್ನೆ ಕೇಳದೆ ಬದುಕುವವರು ಅವರೊಬ್ಬರೇ. ನಾವು ನೀವಾದರೆ ಬಸ್ಸು ಹತ್ತುವಾಗ ‘ಇದು ದೊಡ್ಡಾಸ್ಪತ್ರೆಗೆ ಹೋಗುತ್ತಾ?’ ಎಂದು ಕೇಳಿ ಮುಗಿಸುತ್ತೇವೆ. ಅವರು ಕಂಡಕ್ಟರನ ಮುಖ ನೋಡಿ ‘ದೊಡ್ಡಾಸ್ಪತ್ರೆಗೆ ಹೋಗಬೇಕಾಗಿತ್ತು’ ಎಂದು ಗಾಳಿಗೆ ಹೇಳಿದಂತೆ ಹೇಳಿ, ಉತ್ತರ ತಾನಾಗಿ ಬರುವವರೆಗೆ ಮೆಟ್ಟಿಲ ಮೇಲೆಯೇ ನಿಂತಿರುತ್ತಾರೆ. ಹಿಂದಿನವರು ಎಷ್ಟು ಗೊಣಗಿದರೂ ಜಪ್ಪಯ್ಯ ಎನ್ನುವುದಿಲ್ಲ. ಅವರ ಮಗಳು ಒಮ್ಮೆ ನನ್ನೆದುರೇ ಅಲವತ್ತುಕೊಂಡಿದ್ದಳು: ‘ಚಿಕ್ಕವಳಿದ್ದಾಗ ಹೋಂವರ್ಕ್ ಮಾಡಿದೆಯಾ ಅಂತ ಅಮ್ಮ ಒಂದು ದಿನ ಕೇಳಿದವಳಲ್ಲ. ಪುಸ್ತಕ ಇನ್ನೂ ಚೀಲದಲ್ಲೇ ಇದೆ ಅಂತ ಹೇಳಿ ಎದುರಿಗೆ ಕೂತುಬಿಡೋಳು. ಅದಕ್ಕಿಂತ ಎರಡೇಟು ಹಾಕಿದ್ರೆ ವಾಸಿಯಾಗಿತ್ತು.’

ವೃತ್ತಿಯಿಂದ ಅವರು ದಾದಿ. ನಿವೃತ್ತರಾದ ಮೇಲೆ, ಮರೆವಿನ ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆಮನೆಯೊಂದರಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಪಾಠ ಹೇಳುತ್ತಾರೆ. ಡಿಮೆನ್ಷಿಯಾ ಎಂದು ಚೀಟಿಯಲ್ಲಿ ಬರೆದುಕೊಟ್ಟು ವೈದ್ಯರು ಕೈತೊಳೆದುಕೊಂಡ ನಂತರ, ಆ ಹೆಸರಿನೊಡನೆ ಹಗಲಿರುಳು ಏಗಬೇಕಾದ ಆಯಾಗಳು, ಸೊಸೆಯಂದಿರು, ಗಂಡುಮಕ್ಕಳು ಅವರ ವಿದ್ಯಾರ್ಥಿಗಳು. ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಒತ್ತರಿಸಿ, ಆಗತಾನೇ ಒರೆಸಿದ ನೆಲದ ಫಿನಾಯಿಲಿನ ವಾಸನೆಯಲ್ಲಿಯೇ ತರಗತಿ. ಎದುರಿಗೆ ಬಂದು ಕೂರಬೇಕು, ಬೆನ್ನ ಹಿಂದಿನಿಂದ ಕರೆಯಬಾರದು, ಒಂದು ಸಲಕ್ಕೆ ಒಂದೇ ಮಾತು, ತಪ್ಪು ಹೇಳಿದರೂ ತಿದ್ದಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಪ್ರಶ್ನೆ ಹಾಕಬಾರದು. ಪ್ರತಿಯೊಂದು ಸೂತ್ರದ ಕೊನೆಗೂ ‘ನಿಧಾನ, ನಿಧಾನ’ ಎಂಬ ಪಲ್ಲವಿ. ಆಯಾಗಳು ಅವರಿಗೆ ನಿಧಾನಮ್ಮ ಎಂದು ಹೆಸರಿಟ್ಟದ್ದು ಹೀಗೆ. ಹೆಸರಿಗೆ ನಿಧಾನಮ್ಮನಾದರೂ ಕಾಲಿಗೆ ಚಕ್ರ ಕಟ್ಟಿಕೊಂಡವರು. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಪಡಸಾಲೆಯುದ್ದಕ್ಕೂ ದಡದಡನೆ ಬಂದು, ಕೋಣೆಯ ಬಾಗಿಲಲ್ಲಿ ಗಕ್ಕನೆ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಹೊಳೆಗಿಳಿಯುವವರಂತೆ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋಗುತ್ತಾರೆ.

ನನಗೆ ಅವರ ಪರಿಚಯವಾದದ್ದು ಅವಮಾನದ ಮೂಲಕ. ದೊಡ್ಡಪ್ಪನನ್ನು ಅಲ್ಲಿ ಸೇರಿಸಿದ ಹೊಸತು. ಹಾಸಿಗೆಯ ಪಕ್ಕ ನಿಂತು, ಕಿವುಡರೊಡನೆ ಮಾತಾಡುವ ದನಿಯಲ್ಲಿ ‘ದೊಡ್ಡಪ್ಪಾ, ನಾನ್ಯಾರು ಗೊತ್ತಾಯ್ತಾ? ಹೇಳಿ ನೋಡೋಣ’ ಎಂದು ಪೀಡಿಸುತ್ತಿದ್ದೆ. ದೊಡ್ಡಪ್ಪ ಹೊದಿಕೆಯ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇದ್ದರು. ಬಾಗಿಲಿನಿಂದ ಒಂದು ಸ್ವರ ಬಂತು: ‘ಪರೀಕ್ಷೆ ಮುಗಿದಿದ್ರೆ ಒಂದು ಕುರ್ಚಿ ಎಳ್ಕೊಂಡು ಕೂತ್ಕೋಬಹುದು. ಹೆಸರು ಹೇಳೋದಕ್ಕೆ ನಮಗೇನೂ ಖರ್ಚಿಲ್ಲ.’ ನನಗೆ ಮೂಗಿನ ತುದಿಯವರೆಗೆ ಸಿಟ್ಟು ಬಂತು. ಆದರೂ ಕೂತು, ನಾನು ಇಂಥವರ ಮಗ ಎಂದು ಹೇಳಿದೆ. ದೊಡ್ಡಪ್ಪ ಹೊದಿಕೆಯನ್ನು ಬಿಟ್ಟು ನನ್ನ ಕೈ ಹಿಡಿದುಕೊಂಡರು. ಅಂದಿನಿಂದ ನಾನೂ ಬುಧವಾರದ ವಿದ್ಯಾರ್ಥಿಯಾದೆ.

ಈ ವ್ರತ ಅವರಿಗೆ ಅಂಟಿದ್ದು ಅತ್ತೆಯಿಂದ. ದಾದಿಯ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅತ್ತೆಗೆ ಮರೆವು ಹತ್ತಿತು. ಕಲಿತವಳೆಂಬ ಉತ್ಸಾಹದಲ್ಲಿ ಸೊಸೆ ಪ್ರತಿ ಸಂಜೆ ಮನೆಗೆ ಬಂದೊಡನೆ ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ, ನಾನು ಯಾರು ಎಂದು ಕೇಳುತ್ತಿದ್ದರು. ಕೇಳಿದರೆ ನೆನಪು ಗಟ್ಟಿಯಾಗುತ್ತದೆಂದು ಅವರ ನಂಬಿಕೆ. ಕೆಲವು ತಿಂಗಳ ನಂತರ, ಸೊಸೆಯ ಹೆಜ್ಜೆ ಸದ್ದು ಕೇಳಿಸಿದರೆ ಸಾಕು, ಆ ಮುದುಕಿ ಬಚ್ಚಲುಮನೆಯ ಕದದ ಹಿಂದೆ ಹೋಗಿ ನಿಲ್ಲತೊಡಗಿದಳು. ಅದು ಕಾಯಿಲೆಯ ಲಕ್ಷಣವೆಂದು ಸೊಸೆ ಪುಸ್ತಕದಲ್ಲಿ ಬರೆದುಕೊಂಡರು. ಅತ್ತೆ ತೀರಿಕೊಂಡು ತಿಂಗಳ ಮೇಲೆ ಪಕ್ಕದ ಮನೆಯಾಕೆ ಮಾತಿಗೆ ಹೇಳಿದರಂತೆ: ‘ಪಾಪ, ಯಾರೋ ಒಬ್ಬಳು ಸಾಯಂಕಾಲ ಬಂದು ಪ್ರಶ್ನೆ ಕೇಳ್ತಾಳೆ, ನನಗೆ ಬರೋದಿಲ್ಲ, ನಾಚಿಕೆ ಆಗುತ್ತೆ ಅನ್ನೋರು.’ ಇದನ್ನು ನಿಧಾನಮ್ಮ ಪ್ರತಿ ಹೊಸ ತಂಡಕ್ಕೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಪಾಠಕ್ಕೆ ಒಬ್ಬ ರೋಗಿ ಬೇಕಲ್ಲ? ಆ ಪಾತ್ರ ಅವರ ಯಜಮಾನರದು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ಮನೆಮನೆಯ ಮೀಟರು ಓದಿ ನಿವೃತ್ತರಾದವರು. ಸಾವಿರ ಹೊಸ್ತಿಲು ತುಳಿದು ಸಾವಿರ ಮುದುಕರ ಕೆಮ್ಮು, ಗೊಣಗಾಟ, ಮುನಿಸುಗಳನ್ನು ಅಂತರ್ಗತ ಮಾಡಿಕೊಂಡ ಅನುಕರಣಪಟು. ಆಯಾಗಳ ಬಾಯಲ್ಲಿ ಮೀಟರ್ ಸಾರ್. ತರಗತಿಯ ನಡುವೆ ಕುರ್ಚಿ ಹಾಕಿಕೊಂಡು, ಬೂದಿ ಬಣ್ಣದ ಕೋಟಿನ ಗುಂಡಿಗಳನ್ನು ಎಲ್ಲರೆದುರಿಗೇ ಬೇಕೆಂದು ತಪ್ಪಿಸಿ ಹಾಕಿಕೊಂಡು, ಕಣ್ಣನ್ನು ಎಲ್ಲೋ ದೂರಕ್ಕೆ ಕಳಿಸಿಬಿಟ್ಟರೆಂದರೆ ಅವರು ಅವರಾಗಿರುತ್ತಿರಲಿಲ್ಲ. ಕಳೆದುಹೋದ ಮೀಟರು ಪುಸ್ತಕಕ್ಕಾಗಿ ಹುಡುಕಾಡುವ ಅವರನ್ನು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಸಂತೈಸಬೇಕು. ಪಾಠ ಮುಗಿದೊಡನೆ ಗುಂಡಿ ಸರಿಪಡಿಸಿಕೊಂಡು ಎದ್ದು ‘ಟೀ ಬರಲಿ’ ಎನ್ನುತ್ತಿದ್ದರು. ಅವರು ಅಷ್ಟು ವರ್ಷ ಅಭಿನಯಿಸಿದ್ದು ತಮ್ಮ ತಾಯಿಯನ್ನೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕಳೆದ ವರ್ಷ ಅವರ ಅಭಿನಯ ಕೆಡತೊಡಗಿತು. ಸಂತೈಸಿದಾಗ ಶಾಂತರಾಗಬೇಕಾದಲ್ಲಿ ಶಾಂತರಾಗುತ್ತಿರಲಿಲ್ಲ. ಹೇಳಿಕೊಟ್ಟ ಮಾತು ಬಿಟ್ಟು ಬೇರೇನೋ ಆಡುತ್ತಿದ್ದರು. ನಿಧಾನಮ್ಮ ಚಪ್ಪಾಳೆ ತಟ್ಟಿ ನಿಲ್ಲಿಸುತ್ತಿದ್ದರು. ಒಂದು ಬುಧವಾರ, ಹೊಸದಾಗಿ ಸೇರಿದ ಆಯಾ ಎದುರಿಗೆ ಕೂತಾಗ, ಮೀಟರ್ ಸಾರ್ ಆಕೆಯ ಕೈಯನ್ನು ರಪ್ಪನೆ ತಳ್ಳಿ ‘ಪುಸ್ತಕ ತೆಗೆದವಳು ನೀನೇ’ ಎಂದು ಕೂಗಿದರು. ‘ರೀ, ಅತಿಯಾಯ್ತು. ಹೊಸಬರು ಹೆದರ್ತಾರೆ. ಮೊದಲಿಂದ ಮಾಡಿ’ ಎಂದರು ನಿಧಾನಮ್ಮ. ಅವರು ಹೆಂಡತಿಯನ್ನು ದಿಟ್ಟಿಸಿ ನೋಡಿ, ‘ಮೊದಲು ಅಂದ್ರೆ ಯಾವುದು?’ ಎಂದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಿಧಾನಮ್ಮ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗುವಿನ ನೆನಪಾದರೆ ಇವತ್ತಿಗೂ ತಲೆ ತಗ್ಗಿಸುವಂತಾಗುತ್ತದೆ.

ಎಲ್ಲರೂ ಟೀಗೆ ಎದ್ದ ಮೇಲೆ ಆ ಹೊಸ ಆಯಾ ಸಂಕೋಚದಿಂದ ಹತ್ತಿರ ಬಂದಳು.

‘ಅಮ್ಮಾ, ತಪ್ಪು ತಿಳ್ಕೋಬೇಡಿ. ಸಾರ್ ಗೇಟಿನ ಹತ್ತಿರ ಬರುವಾಗಲೇ ಗುಂಡಿ ತಪ್ಪಾಗಿತ್ತು. ಹೋದ ವಾರವೂ ಹಾಗೇ ಇತ್ತು.’

ನಿಧಾನಮ್ಮ ತಿರುಗಿ ನೋಡಿದರು. ಯಜಮಾನರು ಇನ್ನೂ ಕುರ್ಚಿಯಲ್ಲೇ ಇದ್ದರು. ಕೋಟು ಹಾಗೆಯೇ ಇತ್ತು. ಟೀ ಬರಲಿ ಎಂದು ಯಾರೂ ಹೇಳಿರಲಿಲ್ಲ. ನಿಧಾನಮ್ಮ ಗೋಡೆಗೆ ಒತ್ತರಿಸಿದ ಮೇಜಿಗೆ ಒರಗಿ, ಬೆರಳು ಮಡಿಸುತ್ತ ಹಿಂದಿನ ಬುಧವಾರಗಳನ್ನು ಎಣಿಸತೊಡಗಿದರು. ಎರಡೂ ಕೈಯ ಬೆರಳು ಮುಗಿದವು, ಎಣಿಕೆ ಮುಗಿಯಲಿಲ್ಲ. ತಿದ್ದಬಾರದೆಂದು ಊರಿಗೆಲ್ಲ ಬೋಧಿಸುವಾಕೆ ಆರು ತಿಂಗಳ ಕಾಲ, ಮೂವತ್ತು ಜನರೆದುರು, ನಿಜವಾಗಿ ದಿಕ್ಕು ತಪ್ಪಿದ ಗಂಡನನ್ನು ಕೆಟ್ಟ ನಟನೆಂದು ತಿದ್ದಿದ್ದರು.

ಅವರನ್ನು ಮನೆಯಲ್ಲಿ ಬಿಟ್ಟು ಬರಲು ನೋಡಿದರು. ಎರಡು ಬುಧವಾರ ಮೀಟರ್ ಸಾರ್ ಕೋಟು ತೊಟ್ಟು ಮನೆಯ ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದರು. ಮೂರನೆಯ ವಾರ ಕೇಳಿಯೇಬಿಟ್ಟರಂತೆ: ‘ನನ್ನ ಆಕ್ಟಿಂಗ್ ಸರಿಯಿಲ್ಲ ಅಂತ ತೆಗೆದುಬಿಟ್ಟೆಯಾ?’ ಮತ್ತೆ ಕರೆತಂದಾಗ ಮಗಳು ರೇಗಿದಳು. ‘ಅಮ್ಮಾ, ಅಪ್ಪನ್ನ ಪ್ರದರ್ಶನಕ್ಕೆ ಇಡ್ತೀಯಾ?’ ಕೊನೆಗೆ ನಿಧಾನಮ್ಮ, ಯಾರೂ ಟಿಪ್ಪಣಿ ಬರೆಯಕೂಡದು, ಯಾರೂ ನಗಕೂಡದು, ಒಬ್ಬೊಬ್ಬರೇ ಹೋಗಿ ಅವರ ಜೊತೆ ಕೂತು ಬರಬೇಕು ಎಂದು ಹೊಸ ಕಟ್ಟಳೆ ಮಾಡಿದರು. ಚಪ್ಪಾಳೆ ನಿಂತಿತು. ಪಾಠದ ನಂತರ ಮೀಟರ್ ಸಾರ್ ಪ್ರತಿ ಬಾರಿಯೂ ‘ಇವತ್ತು ಹೇಗೆ ಮಾಡಿದೆ?’ ಎನ್ನುವರು. ‘ಚೆನ್ನಾಗಿತ್ತು’ ಎನ್ನುವರು ಈಕೆ.

ಆದರೆ ನಿಧಾನಮ್ಮನ ಜೀವಕ್ಕೆ ಹತ್ತಿದ ಚಿಂತೆ ಬೇರೆಯಿತ್ತು. ಆರು ತಿಂಗಳು ಅವಮಾನ ಮಾಡಿದೆ, ತಪ್ಪಾಯಿತು, ಎಂಬ ಮಾತು ಗಂಡನಿಗೆ ಒಮ್ಮೆಯಾದರೂ ಮುಟ್ಟಬೇಕು. ಅದನ್ನು ಗ್ರಹಿಸುವ ಶಕ್ತಿ ಅವರಲ್ಲಿ ಪೂರ್ತಿ ಆರಿಹೋಗುವ ಮುಂಚೆ ಮುಟ್ಟಬೇಕು. ಅನ್ನ ಬಡಿಸುವಾಗ ಹೇಳಿದರು, ಕೋಟು ತೊಡಿಸುವಾಗ ಹೇಳಿದರು. ‘ಯಾಕೆ, ಏನಾಯ್ತು?’ ಎಂದು ಅವರು ಗಾಬರಿಯಾಗುತ್ತಿದ್ದರು. ನಡೆದದ್ದನ್ನು ವಿವರಿಸಹೋದರೆ ಗಾಬರಿ ಇನ್ನೂ ಹೆಚ್ಚುತ್ತಿತ್ತು. ಗಾಬರಿ ಮಾಡಿ ಪಡೆಯುವ ಕ್ಷಮೆಗೆ ಅವರ ಪಾಠದಲ್ಲೇ ಜಾಗವಿರಲಿಲ್ಲ. ‘ನನ್ನ ವಿದ್ಯೆಯೆಲ್ಲ ಮಾತಾಡೋದು ಹೇಗೆ ಅನ್ನೋದೇ. ಒಂದೇ ಒಂದು ಮಾತು ದಾಟಿಸೋದಕ್ಕೆ ಆಗ್ತಿಲ್ಲ’ ಎಂದು ಒಮ್ಮೆ ನನ್ನೆದುರು ಅತ್ತರು. ದಾದಿಯರು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕಳೆದ ತಿಂಗಳ ಒಂದು ಬುಧವಾರ ನಾನು ಬೇಗ ಹೋಗಿ ಮೇಜು ಒತ್ತರಿಸುತ್ತಿದ್ದೆ. ವಿದ್ಯಾರ್ಥಿಗಳು ಇನ್ನೂ ಬಂದಿರಲಿಲ್ಲ. ಮೀಟರ್ ಸಾರ್ ತಮ್ಮ ಕುರ್ಚಿಯಲ್ಲಿ ಒಂಟಿಯಾಗಿ ಕೂತದ್ದನ್ನು ಕಂಡು, ನಿಧಾನಮ್ಮ ಎದುರಿನ ಕುರ್ಚಿಯಲ್ಲಿ ಕೂತರು. ಅವರು ಆಕೆಯನ್ನು ಬಹಳ ಹೊತ್ತು ನೋಡಿದರು.

‘ಹೊಸದಾಗಿ ಸೇರಿದ್ದೀರಾ?’

ನಿಧಾನಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

‘ಹೆದರ್ಕೋಬೇಡಿ. ನನಗೇನೂ ಕಾಯಿಲೆ ಇಲ್ಲ. ನಿಮಗೆ ಕಲಿಸೋದಕ್ಕೆ ಅಂತ ಸುಮ್ಮನೆ ಹೀಗೆ ಆಡ್ತೀನಿ.’ ಅವರು ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. ‘ಪಾಠ ಹೇಳೋಳು ನಮ್ಮ ಮನೆಯವಳು. ಬಲು ಖಡಕ್ಕು. ತಪ್ಪಾದ್ರೆ ಎಲ್ಲರ ಮುಂದೆ ನಿಲ್ಲಿಸಿಬಿಡ್ತಾಳೆ. ಎಲ್ಲರೂ ನಗ್ತಾರೆ. ನನಗೂ ಹಾಗೇ ಮಾಡಿದ್ದಾಳೆ. ಮನಸ್ಸಿಗೆ ಹಚ್ಕೋಬೇಡಿ. ಒಳ್ಳೆಯವಳು ಅವಳು.’

ನಾನು ಕೈಯಲ್ಲಿದ್ದ ಮೇಜನ್ನು ಸದ್ದಾಗದಂತೆ ಕೆಳಗಿಟ್ಟೆ.

‘ಆಗಲಿ ಸಾರ್’ ಎಂದರು ನಿಧಾನಮ್ಮ, ನಲವತ್ತು ವರ್ಷ ಜೊತೆಗೆ ಬಾಳಿದ ಗಂಡನಿಗೆ.

ಕಲಿಸುವವರಲ್ಲಿ ಇಂಥದೊಂದು ಪಂಗಡವಿದೆ. ತಮ್ಮ ತಪ್ಪನ್ನೇ ಪಾಠವಾಗಿಸಿ ಊರಿಗೆಲ್ಲ ಹಂಚುತ್ತಾರೆ. ಅವರಿಂದಾಗಿ ಎಷ್ಟೋ ಮನೆಗಳ ವೃದ್ಧರು ಗದರಿಸಿಕೊಳ್ಳದೆ ಉಣ್ಣುತ್ತಾರೆ, ಅಳದೆ ಮಲಗುತ್ತಾರೆ. ಅದೇ ತಪ್ಪು ಬೇರೆ ವೇಷ ತೊಟ್ಟು ತಮ್ಮ ಪಕ್ಕದಲ್ಲೇ ಬಂದು ಕೂತಾಗ ಅವರಿಗೆ ಗುರುತು ಸಿಗುವುದಿಲ್ಲ. ತೀರ ಹತ್ತಿರದವರ ಮಟ್ಟಿಗೆ ಯಾರ ವಿದ್ಯೆಯೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲವೋ ಏನೋ. ಕ್ಷಮೆ ಬೇಡಿಕೊಳ್ಳೋಣವೆಂದರೆ, ನೊಂದ ಜೀವಕ್ಕೆ ನೋವಿನ ನೆನಪು ಉಳಿದಿರುತ್ತದೆ, ನೋಯಿಸಿದವರ ಮುಖ ಅಳಿಸಿಹೋಗಿರುತ್ತದೆ. ಆಗ ಇಂಥವರು ಮುಂದಿನ ವಾರ ಇನ್ನಷ್ಟು ಬೇಗ ಬರುತ್ತಾರೆ. ಅಪರಿಚಿತರ ಕುರ್ಚಿಯಲ್ಲಿ ಕೂತು, ತಮಗೆ ಸಿಕ್ಕ ಕ್ಷಮೆಯನ್ನು ಬೇರೊಬ್ಬರಾಗಿ ಕೇಳಿಸಿಕೊಳ್ಳುತ್ತಾರೆ.