ಮೈಕಿಗೆ ಅರ್ಧ ಅಡಿ ದೂರ

ನಂಜನಗೂಡಿನ ಶಿವಮೂರ್ತಿ ಹನ್ನೊಂದು ವರ್ಷ ಗಂಗಾಧರಸ್ವಾಮಿಯವರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದವನು. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯುವವರೆಗೂ ತಂಡದ ಮೆಟಡೋರ್ ಊರೂರು ತಿರುಗುತ್ತಿತ್ತು. ವೇದಿಕೆಯ ಮುಂದೆ ಹಾಡುವವರು ನಿಲ್ಲುತ್ತಿದ್ದರು. ಅವನ ಜಾಗ ಹಿಂದೆ, ಡ್ರಮ್ಸಿನ ಪಕ್ಕ. ಜನ ಸಿನಿಮಾ ಹಾಡು ಕೇಳಲು ಬರುತ್ತಿದ್ದರು, ಅವನು ಅದನ್ನೇ ನುಡಿಸುತ್ತಿದ್ದ. ಆದರೆ ಮೆಟಡೋರಿನ ಕಿಟಕಿ ಪಕ್ಕ ಕೂತು ತಾನೇ ಕಟ್ಟಿದ ಹಾಡುಗಳು ಅವನ ಹತ್ತಿರ ಇಪ್ಪತ್ತರ ಮೇಲಿದ್ದವು. ಅವನ್ನು ತಾನೊಬ್ಬನೇ ನಿಂತು, ಗಿಟಾರ್ ಒಂದನ್ನೇ ಹಿಡಿದು ಹಾಡಬೇಕು ಎಂಬುದು ಅವನ ಆಸೆ. ವರ್ಷಗಟ್ಟಲೆ ಕೇಳಿಸಿಕೊಂಡು ಸಾಕಾದ ಗಂಗಾಧರಸ್ವಾಮಿ, ಕೊನೆಗೆ ತೊಂಬತ್ತೆಂಟರ ನವೆಂಬರಿನಲ್ಲಿ ಒಂದು ಹಾಡಿಗೆ ಒಪ್ಪಿದರು.

ಚಿಕ್ಕಯ್ಯನಛತ್ರದಾಚೆಯ ಒಂದು ಹಳ್ಳಿ. ಮಧ್ಯಾಹ್ನ ಬಿದ್ದ ಮಳೆಗೆ ವೇದಿಕೆಯ ಹಲಗೆ ಇನ್ನೂ ಒದ್ದೆಯಾಗಿತ್ತು. ತಾಯಿ ಭುವನೇಶ್ವರಿಯ ಫೋಟೊ ಇಟ್ಟಿದ್ದರಿಂದ ಎಲ್ಲರೂ ಚಪ್ಪಲಿ ಬಿಟ್ಟೇ ಹತ್ತಿದ್ದರು. ಶಿವಮೂರ್ತಿ ಮುಂದೆ ಬಂದು ಎಡಗೈಯಲ್ಲಿ ತಂತಿಗಳನ್ನು ಒತ್ತಿಹಿಡಿದು, ಮೊದಲ ಸಾಲಿಗೆ ಬಾಯಿ ತೆರೆದು ಮೈಕಿನ ಹತ್ತಿರ ಸರಿದ. ತುಟಿ ತಗುಲಿದ್ದಷ್ಟೇ ಅವನಿಗೆ ಗೊತ್ತು. ಹಲ್ಲಿನ ಬೇರಿಗೇ ಯಾರೋ ಹೊಡೆದ ಹಾಗಾಯಿತು. ಕೈ ತಂತಿಯನ್ನು ಬಿಡಲಿಲ್ಲ. ಅವನೇ ಬಿಡಲಿಲ್ಲವೋ, ತಂತಿಯೇ ಅವನನ್ನು ಬಿಡಲಿಲ್ಲವೋ, ಅದು ಅವನಿಗೆ ಇಂದಿಗೂ ತಿಳಿಯದು. ಬೆನ್ನ ಮೇಲೆ ಬಿದ್ದಾಗಲೇ ಕರೆಂಟು ಬಿಟ್ಟಿದ್ದು. ಕುಡಿದು ಬಿದ್ದನೆಂದುಕೊಂಡ ಜನ ಶಿಳ್ಳೆ ಹೊಡೆದು ನಕ್ಕರು. ಡ್ರಮ್ಸಿನ ಚಾಮಯ್ಯ ಓಡಿಬಂದು ಎಬ್ಬಿಸಿದ. ಹಾಡುಗಾರ ಇನ್ನೊಂದು ಮೈಕಿನಲ್ಲಿ ಮುಂದಿನ ಹಾಡು ಶುರುಮಾಡಿದ.

ತುಟಿಯ ಮೇಲೆ ಕಪ್ಪು ಗುಳ್ಳೆ ಎದ್ದಿತ್ತು. ಬಿಸಿ ಟೀ ಕುಡಿದೆ ಎಂದು ಹೆಂಡತಿ ಕೋಮಲಳಿಗೆ ಹೇಳಿದ. ನಿಜ ಹೇಳಿದರೆ ಗಿಟಾರನ್ನೇ ಮುಟ್ಟಬೇಡ ಅನ್ನುತ್ತಾಳೆ ಎಂಬ ಅಂಜಿಕೆ. ಗುಳ್ಳೆ ವಾರದಲ್ಲಿ ಮಾಯಿತು. ಒಳಗಿನದು ಮಾಯಲಿಲ್ಲ. ಹಿಂದೆ ನಿಂತು ನುಡಿಸುವಾಗ ಏನೂ ಆಗುತ್ತಿರಲಿಲ್ಲ. ಹೆಗಲಲ್ಲಿ ಗಿಟಾರ್ ಇದ್ದು ಎದುರಿಗೆ ಮೈಕ್ ಬಂದರೆ ಮಾತ್ರ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಆಮೇಲೆ ನಾಲ್ಕು ಸಲ ಪ್ರಯತ್ನಪಟ್ಟ. ನಾಲ್ಕು ಸಲವೂ ಮೈಕಿಗೆ ಅರ್ಧ ಅಡಿ ದೂರವೇ ನಿಂತ. ದನಿ ಮೂರನೇ ಸಾಲಿನವರಿಗೂ ಮುಟ್ಟಲಿಲ್ಲ. ಇಳಿದು ಹೋಗು ಎಂದು ಕೂಗಿದರು. ನಿನಗೆ ಗಂಟಲಿಲ್ಲ, ಸುಮ್ಮನೆ ಹಿಂದೆ ನಿಲ್ಲು ಎಂದು ಗಂಗಾಧರಸ್ವಾಮಿ ಹೇಳಿದರು. ಗಂಟಲಲ್ಲ, ಭಯ ಎಂದು ಹೇಳಲು ಅವನಿಗೆ ನಾಚಿಕೆಯಾಯಿತು.

ಆದರೂ ಬಿಡಲಿಲ್ಲ. ಎರಡು ಸಾವಿರದ ಇಸವಿಯಲ್ಲಿ ಮೈಸೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ತನ್ನ ಎಂಟು ಹಾಡುಗಳ ಕ್ಯಾಸೆಟ್ ಮಾಡಿಸಿದ. ಅಲ್ಲಿ ಗಿಟಾರ್ ಮೊದಲು ನುಡಿಸಿ, ಅದನ್ನು ಹೊರಗಿನ ಕೋಣೆಯಲ್ಲಿಟ್ಟು, ಬರಿಗೈಯಲ್ಲಿ ಒಳಗೆ ಹೋಗಿ ಹಾಡಿದ. ಕೈ ಖಾಲಿ ಇದ್ದರೆ ಬಾಯಿ ತೆರೆಯುತ್ತಿತ್ತು. ನಂಜನಗೂಡು ಬಸ್ ಸ್ಟ್ಯಾಂಡಿನ ಅಂಗಡಿಯವನು ಅದನ್ನು ಭಕ್ತಿಗೀತೆಗಳ ನಡುವೆ ಇಟ್ಟುಕೊಂಡ. ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲ. ಆಮೇಲೆ ಹೇಗೋ ಒಂದು ಕ್ಯಾಸೆಟ್ ತಿ.ನರಸೀಪುರದ ಕಾಲೇಜೊಂದರ ಲೆಕ್ಚರರ್ ಮಂಗಳಗೌರಿ ಮೇಡಂ ಕೈಸೇರಿತು. ಅವರು ಕಾಗದ ಬರೆದರು. ಎರಡು ಸಾವಿರದ ಎರಡನೇ ಇಸವಿಯ ಕಾಲೇಜು ವಾರ್ಷಿಕೋತ್ಸವಕ್ಕೆ ನೀವೊಬ್ಬರೇ ಬಂದು ಒಂದು ಗಂಟೆ ಹಾಡಬೇಕು, ತಂಡ ಬೇಡ ಎಂದಿತ್ತು.

ಕಾಗದವನ್ನು ಓದಿದವನಿಗೆ ಮೊದಲು ಸಂತೋಷವಾಯಿತು, ಆಮೇಲೆ ಮೈಕ್ ನೆನಪಾಯಿತು. ಒಪ್ಪಿಗೆಯ ಕಾಗದ ಹಾಕಿ ಬಂದ ಮೇಲೆ ಊಟ ಸೇರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ಕೋಮಲ ಎರಡು ಮೂರು ಸಲ ಕೇಳಿದಳು. ವೇದಿಕೆಯಲ್ಲಿ ಅವನ ದನಿ ಏಳದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು, ಯಾಕೆಂಬುದೊಂದೇ ಅರ್ಥವಾಗಿರಲಿಲ್ಲ.

"ಮನೇಲಿ ಇಷ್ಟ್ ಚೆಂದಾಗಿ ಹಾಡ್ತೀರಲ್ಲ, ಸ್ಟೇಜಲ್ಲಿ ಏನಾಯ್ತದೆ ನಿಮ್ಗೆ?"

ಅವನು ಕೆಮ್ಮಿ, ಗಂಟಲು ಕಟ್ಟುತ್ತದೆ ಎಂದ.

ವಾರ್ಷಿಕೋತ್ಸವದ ದಿನ ಬೆಳಗ್ಗೆ ಏಳರ ಬಸ್ಸಿಗೆ ಹೊರಟ. ಗಿಟಾರನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ದಾರಿಯುದ್ದಕ್ಕೂ ತುಟಿಯನ್ನು ಹಲ್ಲಲ್ಲಿ ಕಚ್ಚುತ್ತಿದ್ದ. ತಿ.ನರಸೀಪುರದಲ್ಲಿ ಇಳಿದಾಗ ನಂಜನಗೂಡಿನ ಬಸ್ಸೊಂದು ಹೊರಡಲು ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟೂ ಬಿಟ್ಟ. ಕಂಡಕ್ಟರ್ ಗಿಟಾರನ್ನು ಹಿಂದಕ್ಕಿಡು ಎಂದು ಗದರಿದಾಗ ಏನೋ ಮರೆತವನ ಹಾಗೆ ಇಳಿದು, ಕಾಲೇಜಿನ ದಾರಿ ಕೇಳಿದ.

ಮೈದಾನದಲ್ಲಿ ವೇದಿಕೆಗಷ್ಟೇ ಶಾಮಿಯಾನ ಹಾಕಿಯಾಗಿತ್ತು. ಮೈಕ್ ಸೆಟ್ಟಿನ ಸಿದ್ದಮಲ್ಲಪ್ಪ ಒಬ್ಬನೇ ವೈರು ಬಿಡಿಸುತ್ತಿದ್ದ. ಅರುವತ್ತು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ. ಶಿವಮೂರ್ತಿ ಗಿಟಾರ್ ಇಳಿಸಿ ಅವನ ಹತ್ತಿರ ಹೋದ. ಮೂರು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಈ ಗುರುತಿಲ್ಲದ ಮುದುಕನ ಮುಂದೆ ಹೇಳಿಬಿಟ್ಟ. ಛತ್ರದಾಚೆಯ ಹಳ್ಳಿ, ಒದ್ದೆ ಹಲಗೆ, ತುಟಿ, ಅರ್ಧ ಅಡಿ, ಎಲ್ಲವನ್ನೂ. ಇದು ತನ್ನ ಮನಸ್ಸಿನ ರೋಗ ಇರಬೇಕು ಎಂದೂ ಸೇರಿಸಿದ.

ಸಿದ್ದಮಲ್ಲಪ್ಪ ನಗಲಿಲ್ಲ. ಜೇಬಿನಿಂದ ಟೆಸ್ಟರ್ ತೆಗೆದು, ಗಿಟಾರಿಗೆ ವೈರು ಚುಚ್ಚಿ, ನೀನು ಮುಟ್ಟಬೇಡ ಎಂದು ಅದನ್ನು ಕುರ್ಚಿಗೆ ಒರಗಿಸಿದ. ಟೆಸ್ಟರಿನ ತುದಿಯನ್ನು ತಂತಿಯ ಮೇಲಿಟ್ಟ. ಒಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು.

"ಮನ್ಸಿನ್ ರೋಗ ಅಲ್ಲ ಕಣಪ್ಪ," ಎಂದ. "ಕರೆಂಟ್ ಐತೆ ನೋಡು ಇದ್ರಲ್ಲಿ."

ಶಿವಮೂರ್ತಿ ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷ ತನ್ನನ್ನು ತಾನೇ ಹೇಡಿ ಎಂದು ಬೈದುಕೊಂಡಿದ್ದ. ಇವತ್ತು ಧೈರ್ಯ ಮಾಡಿ ನೇರವಾಗಿ ಹೋಗಿ ಹಾಡಿದ್ದರೆ? ಅಲ್ಲೇ ವೇದಿಕೆಯ ಅಂಚಿನಲ್ಲಿ ಕೂತುಬಿಟ್ಟ.

ಸಿದ್ದಮಲ್ಲಪ್ಪ ವೈರು ಹಿಡಿದು ಹಿಂದಕ್ಕೆ ನಡೆದು ನೋಡಿದ. ಗಿಟಾರಿನ ಸ್ಪೀಕರಿಗೆ ಒಂದು ಕಟ್ಟಡದಿಂದ ಕರೆಂಟು ಎಳೆದಿದ್ದರು, ಮೈಕಿನ ಡಬ್ಬಕ್ಕೆ ಇನ್ನೊಂದು ಕಟ್ಟಡದಿಂದ. ಒಂದಕ್ಕೆ ಅರ್ತಿಂಗೇ ಇರಲಿಲ್ಲ; ತಂತಿ ಹಿಡಿದವನು ಮೈಕ್ ಮುಟ್ಟಿದರೆ ಕರೆಂಟು ಅವನ ಮೈಯೊಳಗಿಂದಲೇ ಹಾಯಬೇಕು. ಎರಡನ್ನೂ ಕಿತ್ತು ಒಂದೇ ಬೋರ್ಡಿಗೆ ತಂದ. ನಲ್ಲಿಯ ಹತ್ತಿರ ಕೆಸರಾಗಿದ್ದ ಕಡೆ ಕಬ್ಬಿಣದ ಪೈಪ್ ಹೊಡೆದು, ಉಪ್ಪುನೀರು ಸುರಿದು, ಅದಕ್ಕೆ ಬೋರ್ಡಿನ ಅರ್ತಿಂಗ್ ವೈರು ಬಿಗಿದ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದಿದ್ದರು. ಮಂಗಳಗೌರಿ ಮೇಡಂ ಅವಸರದಲ್ಲಿ ಬಂದು, ಶುರುಮಾಡೋಣವೇ ಎಂದರು. ಇಲ್ಲ ಮೇಡಂ, ಇನ್ನೂ ಆಗಿಲ್ಲ ಎಂದು ಶಿವಮೂರ್ತಿ ಹೇಳಿದ. ಸಂಘಟಕರಿಗೆ ಅವನು ಇಲ್ಲ ಎಂದದ್ದು ಜೀವಮಾನದಲ್ಲಿ ಅದೇ ಮೊದಲು. ಅವರ ಮುಖ ಸಣ್ಣದಾಯಿತು. ಭಾಷಣಗಳನ್ನು ಮೊದಲು ಮುಗಿಸಿದರು.

ಮತ್ತೆ ಟೆಸ್ಟರ್ ಇಟ್ಟಾಗ ದೀಪ ಹತ್ತಲಿಲ್ಲ. ಶಿವಮೂರ್ತಿ ಇನ್ನೊಂದು ಸಲ ಇಡಿಸಿದ. ಮತ್ತೂ ಒಂದು ಸಲ. ಆಮೇಲೆ ಸಿದ್ದಮಲ್ಲಪ್ಪ ಒಂದು ಕೈಯಲ್ಲಿ ತಂತಿ, ಇನ್ನೊಂದರಲ್ಲಿ ಮೈಕ್ ಹಿಡಿದು ಅವನ ಎದುರಿಗೇ ನಿಂತು ತೋರಿಸಿದ. ಕಣ್ಣು ನಂಬಿತು. ಮೈ ನಂಬಲಿಲ್ಲ.

ವೇದಿಕೆಗೆ ಹೋದಾಗ ಇನ್ನೂರು ಮುನ್ನೂರು ಹುಡುಗ ಹುಡುಗಿಯರು ಬಿಸಿಲಿಗೆ ನೋಟ್‌ಬುಕ್ಕು ಅಡ್ಡ ಹಿಡಿದು ಕೂತಿದ್ದರು. ತಂತಿ ಮೀಟಿದ. ಬಾಯಿ ತೆರೆದ. ಅರ್ಧ ಅಡಿ ದೂರ. ಸೌಂಡ್, ಸೌಂಡ್ ಎಂದು ಹಿಂದಿನವರು ಕೂಗಿದರು. ಬೆವರು ಕಣ್ಣಿಗಿಳಿಯಿತು. ಒಂದು ಹೆಜ್ಜೆ ಮುಂದಿಟ್ಟ, ಮೈಕಿನ ಜಾಲರಿಯ ಒಂದೊಂದು ಕಣ್ಣೂ ಕಂಡಿತು. ಹಾಡಿನ ಸಾಲು ಮರೆತುಹೋಯಿತು. ಸತ್ತರೆ ಕೋಮಲಳಿಗೆ ಯಾರು ಹೇಳುತ್ತಾರೆ, ಈ ಊರಲ್ಲಿ ಅವಳ ಗುರುತಿನವರೇ ಇಲ್ಲವಲ್ಲ ಎಂಬ ಯೋಚನೆ ಬಂತು. ಕಣ್ಣು ಮುಚ್ಚಿ ತುಟಿಯನ್ನು ಜಾಲರಿಗೆ ಮುಟ್ಟಿಸಿದ.

ತಣ್ಣನೆಯ ಕಬ್ಬಿಣ. ಯಾರದೋ ಎಲೆ ಅಡಿಕೆಯ ವಾಸನೆ. ಅಷ್ಟೇ.

ಮರೆತ ಸಾಲನ್ನು ಬಿಟ್ಟು ಎರಡನೇ ಸಾಲಿನಿಂದ ಎತ್ತಿಕೊಂಡ. ತನ್ನ ದನಿ ಮೈದಾನದಾಚೆಯ ಗೋಡೆಗೆ ಬಡಿದು ತನಗೇ ಮರಳಿ ಕೇಳಿದ್ದು ಅವನಿಗೆ ಅದೇ ಮೊದಲು. ಒಂಬತ್ತು ಹಾಡು ಹಾಡಿದ. ನಡುವೆ ಕೆಲವರು ಎದ್ದುಹೋದರು, ಸಿನಿಮಾ ಹಾಡು ಬೇಕೆಂದೂ ಕೇಳಿದರು. ಉಳಿದವರು ಕೊನೆಯವರೆಗೂ ಕೂತಿದ್ದರು.

ಸಾಯಂಕಾಲ ಮನೆಗೆ ಬಂದು ಕೋಮಲಳಿಗೆ ಎಲ್ಲವನ್ನೂ ಹೇಳಿದ. ಅವಳು ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ. ಗಿಟಾರ್ ಬಿಡಿ ಎಂದು ಹೇಳುತ್ತಾಳೆಂದು ಕಾದ. ಅದನ್ನೂ ಹೇಳಲಿಲ್ಲ. ಮೂರನೆಯ ದಿನ ತಟ್ಟೆ ಮುಂದಿಡುತ್ತ, ಮುಂದಿನ ಪ್ರೋಗ್ರಾಂ ಎಲ್ಲಿ ಎಂದು ಕೇಳಿದಳು.

ಅದೇ ವರ್ಷ ಅವನು ಆರ್ಕೆಸ್ಟ್ರಾ ಬಿಟ್ಟ. ದೊಡ್ಡ ಹೆಸರೇನೂ ಬರಲಿಲ್ಲ. ಕಾಲೇಜು, ಸಂಘ, ಬುದ್ಧ ಪೂರ್ಣಿಮೆ ಎಂದು ಸುತ್ತಲಿನ ಊರುಗಳವರು ಕರೆಯುತ್ತಿದ್ದರು, ಅವನೊಬ್ಬನೇ ಹೋಗಿ ಹಾಡಿ ಬರುತ್ತಿದ್ದ. ಅವನೊಬ್ಬನನ್ನೇ ಕಳಿಸಲು ಮನಸ್ಸು ಬಾರದೆ ಕೋಮಲ ಮೊದಲ ಸಲ ಜೊತೆಗೆ ಹೋಗಿದ್ದು ಹೆಮ್ಮರಗಾಲದ ಪ್ರೋಗ್ರಾಮಿಗೆ. ಹೆಂಗಸರ ನಡುವೆ ಮುಂದಿನ ಸಾಲಿನಲ್ಲಿ ಕೂತಳು. ಪಕ್ಕದವರು ಹಾಡುವವನು ನಿನ್ನ ಯಜಮಾನನಾ ಎಂದು ಕೇಳಿದರು. ಅವಳಿಗೆ ಕೇಳಿಸಲಿಲ್ಲ. ಶಿವಮೂರ್ತಿ ಮೈಕಿನ ಹತ್ತಿರ ಸರಿದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಅವನ ತುಟಿಯನ್ನೇ ನೋಡುತ್ತಿದ್ದಳು.