ಟವೆಲ್ಲಿನ ಕೆಳಗಿನ ಮಾತು

"ನಿನ್ನ ತಮ್ಮನ ತಲ್ಯಾಗ ಕಾಳಿಲ್ಲಲೇ ಗುರ್ಯಾ, ಬರೇ ಹೊಟ್ಟ ಅದ. ತೂರಿದ್ರ ಗಾಳೀಗಿ ಹಾರಿ ಹೋಗ್ತದ."

ಆಳಂದದ ಅಡತಿ ಅಂಗಡಿಯಲ್ಲಿ ಜಗದೇವಪ್ಪ ಸಾವಕಾರ ಹೀಗಂದದ್ದೇ ತಡ, ತೊಗರಿ ರಾಶಿಯ ಸುತ್ತ ನಿಂತ ಖರೀದಿದಾರರು, ಹಮಾಲರು, ಚಹಾ ತಂದವನು ಸಹಿತ ನಕ್ಕರು. ಗುರಣ್ಣ ಬೆನ್ನ ಮೇಲಿನ ಚೀಲ ಇಳಿಸದೆ ಹಾಗೇ ನಿಂತ. ಕ್ವಿಂಟಲ್ ಚೀಲ ಬೆನ್ನ ಮೇಲಿದ್ದಾಗ ಎಷ್ಟು ಸಿಟ್ಟು ಬಂದರೂ ತಲೆ ಎತ್ತಲು ಬರುವುದಿಲ್ಲ. ಇದು ಸಾವಕಾರನಿಗೂ ಗೊತ್ತು.

ತಮ್ಮ ದೇವೀಂದ್ರಪ್ಪನಿಗೆ ಹದಿನೇಳು ವರ್ಷ. ಎರಡನೇ ಸಲಕ್ಕೆ ಮೆಟ್ರಿಕ್ ಪಾಸಾಗಿದ್ದ. ಸೋಮವಾರದಿಂದ ಅಂಗಡಿಯಲ್ಲಿ ಕೆಲಸಕ್ಕೆ ಹಚ್ಚುವುದೆಂದು ಮಾತಾಗಿತ್ತು. ಅಂದು ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದ. ಸಾವಕಾರ ಅವನ ಕೈಗೆ ತೊಗರಿಯ ಮಾದರಿ ತಟ್ಟೆ ಕೊಟ್ಟು ರಾಶಿಯ ಬುಡದಲ್ಲಿ ಕೂಡಿಸಿದ್ದ. ತಪ್ಪಾದದ್ದು ಅಲ್ಲಿಯೇ.

ರೈತರ ಮಾಲನ್ನು ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಮಾರಿಕೊಡುವ ಆ ಅಂಗಡಿಯಲ್ಲಿ ದರ ಬಾಯಿಂದ ಹೇಳುವ ಪದ್ಧತಿಯಿಲ್ಲ. ಖರೀದಿದಾರ ಬಂದು ಸಾವಕಾರನ ಕೈ ಹಿಡಿಯುತ್ತಾನೆ, ಮೇಲೆ ಟವೆಲ್ ಮುಚ್ಚುತ್ತಾರೆ. ಸಾವಿರದ ಮೇಲೆ ಒಂದು ಬೆರಳಿಗೆ ನೂರು, ನಡುಬೆರಳಿನ ಗಿಣ್ಣು ಒತ್ತಿದರೆ ಐವತ್ತು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ತಿಳಿಯಬಾರದು. ಈ ಲೆಕ್ಕವನ್ನೆಲ್ಲ ಹಿಂದಿನ ಸಂಜೆ ತಮ್ಮೂರು ನಿಂಬರ್ಗಾದ ಮನೆಯ ಕಟ್ಟೆಯ ಮೇಲೆ ಕೂತು ತಮ್ಮನಿಗೆ ಹೇಳಿಕೊಟ್ಟವನು ಗುರಣ್ಣನೇ. ಕೈ ಮುಟ್ಟಿಸಿಕೊಳ್ಳುವುದು ತಮ್ಮನಿಗೆ ಆಗದು. ಅದಕ್ಕೇ ತನ್ನ ಎಡಗೈಯನ್ನು ತನ್ನ ಬಲಗೈಯಿಂದ ಹಿಡಿದು ತೋರಿಸಿದ್ದ. ದೇವೀಂದ್ರ ಒಂದೇ ಸಲಕ್ಕೆ ಕಲಿತ. ಅಣ್ಣನಿಗೆ ಎದೆ ತುಂಬಿ ಬಂದಿತ್ತು.

ನೆಲದಲ್ಲಿ ಕೂತವನಿಗೆ ಟವೆಲ್ಲಿನ ಒಳಗಿನದೆಲ್ಲ ಕೆಳಗಿನಿಂದ ಕಾಣುತ್ತಿತ್ತು. ಮೊದಲನೇ ಖರೀದಿದಾರ ಕೈ ಹಿಡಿದ. ದೇವೀಂದ್ರ, ಶಾಲೆಯಲ್ಲಿ ಉತ್ತರ ಹೇಳುವ ಹುಡುಗನ ಹಾಗೆ, ಗಟ್ಟಿಯಾಗಿ ಅಂದ: "ಹದಿನಾಕ್ನೂರಾ ಐವತ್ತು."

ಉಳಿದವರಿಗೆ ಇನ್ನೇನು ಬೇಕು? ಆ ರಾಶಿಗೆ ಅದರ ಮೇಲೆ ಹತ್ತು ರೂಪಾಯಿ ಸಹ ಏರಿಸಲು ಯಾರೂ ತಯಾರಾಗಲಿಲ್ಲ.

ಬಾಯಿ ಬಿಡಬಾರದೆಂದು ಗುರಣ್ಣ ಹೇಳಿಕೊಟ್ಟಿರಲಿಲ್ಲ. ಟವೆಲ್ ಮುಚ್ಚಿದ್ದೇ ಬಾಯಿ ಬಿಡಬಾರದೆಂದು ಅಲ್ಲವೇ, ಅದನ್ನೂ ಒಬ್ಬರು ಹೇಳಬೇಕೇ? ಹೇಳಬೇಕಿತ್ತು. ತಮ್ಮನ ಜೊತೆ ಹದಿನೇಳು ವರ್ಷ ಒಂದೇ ತಾಟಿನಲ್ಲಿ ಉಂಡವನಿಗೆ ಅದು ಹೊಳೆಯಬೇಕಿತ್ತು.

ನಗು ನಿಂತ ಮೇಲೆ ಸಾವಕಾರ ಶರತ್ತು ಹಾಕಿದ. ಡಾಕ್ಟರರ ಕಡೆ ತೋರಿಸಿ, ಹುಡುಗನ ತಲೆ ಸರಿಯಿದೆ ಅಂತ ಬರೆಸಿಕೊಂಡು ಬಂದರೆ ಸೋಮವಾರ ಬರಲಿ. ಇಲ್ಲದಿದ್ದರೆ ಮನೆಯಲ್ಲಿ ಎಮ್ಮೆ ಕಾಯಲಿ. ಸಾವಕಾರನ ಹಿರೇ ಮಗ ಅದೇ ಅಂಗಡಿಯ ಮುಂದೆ ಹಾಡಹಗಲೇ ಕುಡಿದು ಬೀಳುತ್ತಾನೆ. ಅವನ ತಲೆಗೆ ಯಾವ ಡಾಕ್ಟರು ಚೀಟಿ ಕೊಟ್ಟಿದ್ದಾರೋ! ಗುರಣ್ಣ ಚೀಲ ಒಗೆದು ಮುಂದಿನ ಚೀಲಕ್ಕೆ ಹೋದ.

ಮರುದಿನ ಮಧ್ಯಾಹ್ನ ಊರಿನ ದವಾಖಾನೆಯ ಸಿಸ್ಟರ್ ವಜೀರುನ್ನಿಸಾ ಮನೆಗೆ ಬಂದಳು. ಆಕೆ ಸೊಲ್ಲಾಪುರದಲ್ಲಿ ಕಲಿತವಳು. ಇಂಥ ಮಕ್ಕಳನ್ನು ನೋಡುವ ಡಾಕ್ಟರು ಅಲ್ಲಿದ್ದಾರೆ, ಕರೆದುಕೊಂಡು ಹೋಗಿ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಇದು ಹುಚ್ಚಲ್ಲ, ದೆವ್ವದ ಕಾಟವಲ್ಲ, ತಾಯಿಯ ಹಾಲಿನ ದೋಷವೂ ಅಲ್ಲ, ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದು ಈ ಸಲವೂ ಬಿಡಿಸಿ ಹೇಳಿದಳು.

ತಾಯಿ ಸುಂದರಬಾಯಿ ಒಲೆಯ ಮುಂದಿನಿಂದ ಏಳಲಿಲ್ಲ. ಮಠ, ದರ್ಗಾ, ತಾಯಿತ ಎಂದು ತಿರುಗಿ ತಿರುಗಿ ಸವೆದ ಜೀವ ಅದು. ಇನ್ನೊಂದು ಬಸ್ಸು ಹತ್ತು ಅಂದರೂ ಸಾಕು, ಅವಳ ಮೊಣಕಾಲು ನೋಯುತ್ತಿದ್ದವು.

"ಸಿಸ್ಟರ, ಊರಾಗ ಅವಗ ಹುಚ್ಚ ಅನ್ನದ ದೇವೀಂದ್ರಪ್ಪ ಅನ್ನೋರು ಇನ್ನಾ ನಾಕ ಮಂದಿ ಅದಾರ. ಕಾಗದ ಬಂದ್ರ ಅವ್ರೂ ಬಿಡ್ತಾರ. ಹಚ್ಚಿದ ಹೆಸರ ತೆಗಿಯೋರು ಯಾರು?"

ವಜೀರುನ್ನಿಸಾ ಸುಳ್ಳು ಧೈರ್ಯ ಹೇಳುವವಳಲ್ಲ. ಸರಕಾರದ ಫಾರಮ್ಮಿನಲ್ಲಿ ಈ ಹೆಸರಿಗೆ ಜಾಗವೇ ಇಲ್ಲ, ಬುದ್ಧಿ ಮಂದ ಅಂತ ಬರೆದರೂ ಬರೆದಾರು ಎಂದಳು. ಡಾಕ್ಟರು ಏನೇ ಬರೆಯಲಿ, ಸಾವಕಾರ ಅದನ್ನು ತನಗೆ ಬೇಕಾದ ಹಾಗೇ ಓದುತ್ತಾನೆ ಎಂದೂ ಹೇಳಿದಳು. ಆದರೆ ಯಾಕೆ ಹೀಗೆ ಅನ್ನುವುದು ತಿಳಿಯುತ್ತದೆ, ಹೇಗೆ ಕಲಿಸಬೇಕು ಅನ್ನುವುದೂ ಸ್ವಲ್ಪ ತಿಳಿಯುತ್ತದೆ ಎಂದು ಹೇಳಿ ಹೋದಳು.

ಗುರಣ್ಣ ಕಂಬಕ್ಕೆ ಒರಗಿ ಕೂತ. ಏನೂ ಬೇಡವೆನಿಸುವಷ್ಟು ದಣಿದಿದ್ದ. ತಾನು ಶಾಲೆಯಲ್ಲಿ ಆರನೇತ್ತೆ ಓದುತ್ತಿದ್ದಾಗ ತಮ್ಮನನ್ನು ಒಂದನೇತ್ತೆಗೆ ಹಾಕಿದ್ದರು. ಗಂಟೆ ಬಾರಿಸಿದರೆ ಸಾಕು, ಕಿವಿ ಮುಚ್ಚಿಕೊಂಡು ತೊಗರಿ ಹೊಲಕ್ಕೆ ಓಡುತ್ತಿದ್ದ. ಹುಡುಕಿ ತಾ ಎಂದು ಮಾಸ್ತರರು ಗುರಣ್ಣನನ್ನೇ ಕಳಿಸುತ್ತಿದ್ದರು. ಹುಡುಕುತ್ತ ಹುಡುಕುತ್ತ ಒಂದು ದಿನ ತಾನೇ ತಿರುಗಿ ಶಾಲೆಗೆ ಹೋಗಲೇ ಇಲ್ಲ. ಬಿಡು ಅಂದವರಿಲ್ಲ, ಯಾಕೆ ಬಿಟ್ಟೆ ಎಂದು ಕೇಳಿದವರೂ ಇಲ್ಲ. ಓಡುತ್ತಿದ್ದವನು ಮೆಟ್ರಿಕ್ ಪಾಸಾದ, ಹುಡುಕುತ್ತಿದ್ದವನು ಹಮಾಲನಾದ. ಇದಕ್ಕೊಂದು ಹೆಸರಿದೆಯೆಂದರೆ ಅದನ್ನು ಒಮ್ಮೆ ಕಿವಿಯಾರೆ ಕೇಳಬೇಕೆಂದು ಅವನಿಗೆ ಅನಿಸಿತು. ಕೇಳಿ ಮಾಡುವುದೇನು ಎಂದೂ ಅನಿಸಿತು.

ಚೀಟಿ ಇಲ್ಲದಿದ್ದರೆ ಸಾವಕಾರನ ಕೆಲಸವಿಲ್ಲ. ಚೀಟಿ ತಂದರೆ, ಅದರಲ್ಲಿ ಬೇರೆ ಏನೋ ಬರೆದಿದ್ದರೆ, ಆಳಂದದ ಯಾವ ಅಂಗಡಿಯಲ್ಲೂ ಇಲ್ಲ. ಎರಡನ್ನೂ ತೂಗಿ ತೂಗಿ ಸಾಕಾಯಿತು. ಆಗ ಹೊಳೆಯಿತು, ಯಾರ ತಲೆಯ ಮಾತು ನಡೆದಿದೆಯೋ ಅವನನ್ನೇ ಯಾರೂ ಕೇಳಿಲ್ಲ.

ದೇವೀಂದ್ರ ಅಂಗಳದಲ್ಲಿ ಕೂತು ದಬ್ಬಣ, ಸುತಳಿ ಹಿಡಿದು ಹರಿದ ಚೀಲ ಹೊಲಿಯುತ್ತಿದ್ದ. ಒಂದು ಹೊಲಿಗೆ ಸೊಟ್ಟ ಬಿದ್ದರೂ ಬಿಚ್ಚಿ ಮತ್ತೆ ಹಾಕುತ್ತಿದ್ದ. ಗುರಣ್ಣ ಹತ್ತಿರ ಹೋಗಿ, ಮುಟ್ಟದಷ್ಟು ದೂರದಲ್ಲಿ ಕುಕ್ಕರಿಸಿದ. ಸೊಲ್ಲಾಪುರದ ಡಾಕ್ಟರು, ಹೆಸರು, ಕಾಗದ, ಸಾವಕಾರನ ಶರತ್ತು ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಈ ಸಲ ಏನನ್ನೂ ತಾನಾಗಿಯೇ ತಿಳಿದುಕೊಳ್ಳಲಿ ಎಂದು ಬಿಡಲಿಲ್ಲ.

ದೇವೀಂದ್ರ ದಬ್ಬಣ ನೋಡುತ್ತಲೇ ಕೇಳಿದ, "ಏನೇನ್ ಹೇಳಬಾರದು ಅಂತ ಆ ಡಾಕ್ಟರ್ ಹೇಳಿಕೊಡ್ತಾನೇನು?"

"ಸ್ವಲ್ಪ ಹೇಳಿಕೊಡಬಹುದು. ಎಲ್ಲಾ ಇಲ್ಲ."

"ಹಂಗಾದ್ರ ನಾ ಬರ್ತೇನಿ. ಮಂದಿ ಯಾಕ ನಗ್ತಾರ ನನಗ ತಿಳಿವಲ್ದು." ಇನ್ನೆರಡು ಹೊಲಿಗೆ ಹಾಕಿ ಮುಂದುವರಿಸಿದ. "ಕಾಗದ ಮಾತ್ರ ಸಾವಕಾರಗ ಬ್ಯಾಡ. ತಲಿ ನಂದದ. ಅವಗ್ಯಾಕ?"

ಒಲೆಯ ಮುಂದೆ ಸುಂದರಬಾಯಿ ಇದನ್ನು ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಬುತ್ತಿಗೆಂದು ಹೆಚ್ಚಿಗೆ ಹಿಟ್ಟು ನಾದಿದ ಸಪ್ಪಳ ಬಂತು.

ಸೋಮವಾರ ಬೆಳಿಗ್ಗೆ ಇಬ್ಬರೂ ಊರಿನಿಂದ ಟೆಂಪೋ ಹಿಡಿದು ಆಳಂದದ ಬಜಾರಿನಲ್ಲಿ ಇಳಿದು ಸೊಲ್ಲಾಪುರದ ಬಸ್ಸಿಗೆ ಹೊರಟರು. ಬಸ್ ನಿಲ್ದಾಣಕ್ಕೆ ಹೋಗುವ ದಾರಿ ಅಡತಿಯ ಮುಂದೆಯೇ ಹಾಯುತ್ತದೆ. ಸವಾಲಿಗೆ ಮಂದಿ ಸೇರಿತ್ತು. ಸಾವಕಾರ ಗಾದಿಯ ಮೇಲಿಂದಲೇ ಕರೆದ.

"ಏನೋ ಗುರ್ಯಾ, ಚೀಟಿ ತಂದ್ಯೇನು? ಶಾಣ್ಯಾ ಅಂದನೋ, ಹುಚ್ಚ ಅಂದನೋ ಡಾಕ್ಟರ?"

ಮಂದಿ ನಗಲು ತಯಾರಾಗಿ ನಿಂತಿತು. ಗುರಣ್ಣ ಬಾಯಿ ತೆರೆಯುವ ಮೊದಲೇ ದೇವೀಂದ್ರ ಹೇಳಿಬಿಟ್ಟ. ಯಾರಾದರೂ ಏನಾದರೂ ಕೇಳಿದರೆ ಇದ್ದದ್ದು ಹೇಳುವುದು ಅವನ ರೂಢಿ.

"ಈಗ ಹೊಂಟೀವ್ರಿ ಸೊಲ್ಲಾಪುರಕ್ಕ. ಡಾಕ್ಟರ್ ಏನ್ ಬರದ್ರೂ ನಿಮಗ ತೋರ್ಸೂದಿಲ್ರಿ. ನಿಮ್ಮಲ್ಲಿ ಕೆಲಸಕ್ಕೂ ಬರೂದಿಲ್ರಿ."

ಯಾರೂ ನಗಲಿಲ್ಲ. ಯಾರ ಕೈಯೂ ಟವೆಲ್ಲಿನ ಕೆಳಗೆ ಅಲುಗಲಿಲ್ಲ. ಇದನ್ನು ಹೇಳಬಾರದೆಂದೂ ಗುರಣ್ಣ ಹೇಳಿಕೊಟ್ಟಿರಲಿಲ್ಲ.

ಸಾವಕಾರನ ಮುಖ ಕೆಂಪಾಯಿತು. ಹುಡುಗನನ್ನು ಬಿಟ್ಟು ಅಣ್ಣನ ಕಡೆ ತಿರುಗಿದ. "ಹೌದೇನಲೇ? ಇಂವ ಹೇಳೂದು ಖರೇ ಏನು? ನೀನರ ನಾಳಿಗಿ ಚೀಲ ಹೊರಾಕ ಬರ್ತೀಯೋ, ಇಲ್ಲೋ?"

ಇವತ್ತು ಬೆನ್ನ ಮೇಲೆ ಚೀಲವಿರಲಿಲ್ಲ. ಗುರಣ್ಣ ತಲೆಯೆತ್ತಿ ಸಾವಕಾರನನ್ನು ಒಮ್ಮೆ ನೋಡಿದ. ಬುತ್ತಿಯ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ತಮ್ಮನ ಹಿಂದೆ ಬಸ್ ನಿಲ್ದಾಣದ ಕಡೆ ನಡೆದ.