ಮಾವನ ಮನೆ ಗೋಲು

ನಂಜನಗೂಡಿನ ರೆಫ್ರಿ ನಂಜುಂಡೇಶ್ ಶಿಳ್ಳೆ ಊದಿದರೆ ಮೈದಾನದ ಆಚೆ ರಸ್ತೆಯಲ್ಲಿ ಹೋಗುವ ಬಸ್ಸೂ ನಿಲ್ಲುತ್ತಿತ್ತು. ಡ್ರೈವರು ಇಳಿದು ಬಂದು ತನ್ನಿಂದ ಏನು ತಪ್ಪಾಯಿತೆಂದು ಕೇಳಿಕೊಂಡು ಹೋಗುತ್ತಿದ್ದ. ಅಂಥ ಶಿಳ್ಳೆ. ಅದು ಒಂದು ಕಡೆಗೆ ವಾಲಿತೆಂದು ಇದುವರೆಗೆ ಯಾರೂ ಆಡಿದ್ದಿಲ್ಲ, ಅವನಿಗಿದ್ದ ಜಂಬವೆಲ್ಲ ಅದೊಂದೇ.

ಆ ಜಂಬಕ್ಕೆ ಈ ಸಲ ಕುತ್ತು ಬಂದಿತ್ತು. ತಿ. ನರಸೀಪುರದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್. ಒಂದು ಕಡೆ ಸೋಸಲೆ, ಇನ್ನೊಂದು ಕಡೆ ಬಿಳಿಗೆರೆ. ಬಿಳಿಗೆರೆ ಅವನ ಹೆಂಡತಿಯ ತವರು. ಆ ತಂಡದಲ್ಲಿ ಗೋಲು ಹೊಡೆಯುವವಳು ಅರ್ಪಿತ, ಹೆಂಡತಿಯ ಸ್ವಂತ ತಂಗಿ. ಅದೂ ಸಾಲದೆಂದು ಅತ್ತೆ ರುದ್ರಾಣಿ ಬೆಳಿಗ್ಗೆಯೇ ಬಂದು, ಗೋಲುಕಂಬದ ಪಕ್ಕದಲ್ಲಿ, ಗೆರೆಯ ನೇರಕ್ಕೆ ಕುರ್ಚಿ ಹಾಕಿಸಿಕೊಂಡು, ಬುಟ್ಟಿ ಕಡಲೇಕಾಯಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ನನ್ನನ್ನು ಬಿಟ್ಟುಬಿಡಿ ಎಂದು ನಂಜುಂಡೇಶ್ ಕೈಮುಗಿದ. ಟೂರ್ನಿ ನಡೆಸುವ ಚಿಕ್ಕಸ್ವಾಮಿ ಬಿಡಲಿಲ್ಲ. ಟೀವಿಯಲ್ಲಿ ದೊಡ್ಡ ದೊಡ್ಡ ದೇಶದ ರೆಫ್ರಿಗಳು ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ವಿಡಿಯೋ ನೋಡಿ, ತೀರ್ಪು ಯಾಕೆ ಹೀಗೆ ಎಂದು ಇಡೀ ಜನಕ್ಕೆ ಹೇಳುವುದನ್ನು ಅವನು ನೋಡಿದ್ದ. ನೋಡಿದಾಗಿನಿಂದ, ತನ್ನ ಟೂರ್ನಿಯಲ್ಲೂ ಹಾಗೆ ಮಾಡಿಸದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

"ಮುಚ್ಚುಮರೆ ಇರಕೂಡ್ದು ಕಣಪ್ಪ," ಎಂದ ಚಿಕ್ಕಸ್ವಾಮಿ. "ನೀ ಆಡಿದ್ದು ಎಲ್ಲರ್ಗೂ ಕೇಳ್ಲಿ, ನೀ ನೋಡಿದ್ದ ಎಲ್ರೂ ನೋಡ್ಲಿ. ಆಮ್ಯಾಕೆ ಯಾವನ್ ಏನಂದಾನು?"

ವಿಡಿಯೋಗೆ ಗೊತ್ತುಮಾಡಿದ್ದು ಮಾದುವನ್ನು. ಆ ಸುತ್ತಮುತ್ತ ಮಾದುವಿನ ಕ್ಯಾಮೆರಾ ಬರದೆ ತಾಳಿ ಕಟ್ಟಿಸಿಕೊಂಡ ಹೆಣ್ಣಿಲ್ಲ. ಫುಟ್‌ಬಾಲ್ ಮಾತ್ರ ಇದೇ ಮೊದಲು. ಆರತಕ್ಷತೆಯಲ್ಲಿ ನಿಲ್ಲಿಸುವ ದೊಡ್ಡ ಪರದೆಯನ್ನೇ ತಂದು ಮೈದಾನದ ಅಂಚಿನಲ್ಲಿ ನಿಲ್ಲಿಸಿದ.

ಆಟ ಶುರುವಾಯಿತು. ಕಾಲರಿಗೆ ಸಿಕ್ಕಿಸಿದ್ದ ಮೈಕು ರೆಫ್ರಿಯ ತೀರ್ಪನ್ನಷ್ಟೇ ಅಲ್ಲ, ಏದುಸಿರನ್ನೂ ಸ್ಪೀಕರಿಗೆ ದಾಟಿಸುತ್ತಿತ್ತು. ನಂಜುಂಡೇಶ್ ಒಂದು ಸುತ್ತು ಓಡಿದರೆ ಕಪಿಲೆಯಲ್ಲಿ ಮಲಗಿದ್ದ ಎಮ್ಮೆಗಳು ಯಾವ ಕೋಣ ಬಂತೋ ಎಂದು ತಲೆ ಎತ್ತಿ ನೋಡುತ್ತಿದ್ದವು. ನಡುವೆ ಅವನು ಮಂಡಿ ಹಿಡಿದುಕೊಂಡು ಶ್ರೀಕಂಠೇಶ್ವರನನ್ನು ಕರೆದದ್ದೂ ಕೇಳಿಸಿತು. ಭಕ್ತರು ಕೆಲವರು ಕೈ ಮುಗಿದರು.

ಎರಡೂ ಕಡೆ ಒಂದೊಂದು ಗೋಲಾಗಿ, ಇನ್ನೇನು ಆಟ ಮುಗಿಯಬೇಕು. ಅರ್ಪಿತ ದೂರದಿಂದ ಒದ್ದಳು. ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು ನೆಟ್ಟಗೆ ಕೆಳಗೆ ಬಿತ್ತು. ಸೋಸಲೆಯ ಗೋಲು ಕಾಯುವ ಹುಡುಗಿ ಮಧುಶ್ರೀ ಅದರ ಮೇಲೆ ಹಾರಿ, ಕೋಳಿ ಮೊಟ್ಟೆಯನ್ನು ಅವುಚಿಕೊಂಡಂತೆ ಅವುಚಿಕೊಂಡಳು. ಬಿದ್ದದ್ದು ಗೆರೆಯ ಒಳಗೋ, ಮೇಲೋ? ಮೇಲೆ ಬಿದ್ದರೆ ಗೋಲಲ್ಲ, ಪೂರ್ತಿ ದಾಟಬೇಕು. ಗೆರೆ ನೋಡಬೇಕಿದ್ದ ಗೋವಿಂದಯ್ಯ ಆ ಹೊತ್ತಿಗೆ ಮೈದಾನಕ್ಕೆ ನುಗ್ಗಿದ ಕರುವನ್ನು ಅಟ್ಟುತ್ತಿದ್ದ. ನಂಜುಂಡೇಶನ ಬುದ್ಧಿ ಇನ್ನೂ ಯೋಚಿಸುತ್ತಿರುವಾಗಲೇ ಬಾಯಿ ಶಿಳ್ಳೆ ಊದಿಬಿಟ್ಟಿತ್ತು. ಗೋಲು.

ಸೋಸಲೆಯ ಜನ ಎದ್ದು ನಿಂತರು. ಇದು ಅರ್ಪಿತಳ ಗೋಲಲ್ಲ, ಮಾವನ ಮನೆ ಗೋಲು ಎಂದು ಒಬ್ಬ ಕೂಗಿದ್ದೇ ತಡ, ಎಲ್ಲರ ಬಾಯಲ್ಲೂ ಅದೇ ಆಯಿತು. ನಂಜುಂಡೇಶನ ಮುಖ ಹುಣಸೆಹಣ್ಣಿನಂತೆ ಕಪ್ಪಿಟ್ಟಿತು. ವಿಡಿಯೋ ಹಾಕಲು ಹೇಳಿದ.

ಪರದೆಯ ಮೇಲೆ ಅರ್ಪಿತ ಓಡಿ ಬಂದಳು, ಕಾಲು ಬೀಸಿದಳು. ಅಷ್ಟೇ. ಕ್ಯಾಮೆರಾ ಚೆಂಡನ್ನು ಬಿಟ್ಟು ಸರ್ರನೆ ಪಕ್ಕಕ್ಕೆ ತಿರುಗಿ ರುದ್ರಾಣಿಯ ಮುಖಕ್ಕೆ ಹೋಗಿ ನಿಂತಿತು. ಹುಲ್ಲಿನ ಮೆದೆಯಷ್ಟು ದೊಡ್ಡ ಮುಖ. ತಾಳಿ ಕಟ್ಟುವ ಗಳಿಗೆಗೆ ಹೆಣ್ಣಿನ ತಾಯಿಯ ಕಡೆ ತಿರುಗಬೇಕು, ಅವಳ ಕಣ್ಣೀರು ಬರದ ವಿಡಿಯೋವನ್ನು ಯಾರೂ ಒಪ್ಪುವುದಿಲ್ಲ. ಮಾದುವಿನ ಕೈ ತಾನಾಗಿ ಅದನ್ನೇ ಮಾಡಿತ್ತು. ನಿಧಾನವಾಗಿ ಓಡಿಸು ಎಂದರೆ, ಅವನ ಮಿಷನ್ನು ಮುಖದ ಸುತ್ತ ಗುಲಾಬಿ ಎಸಳನ್ನೂ ಉದುರಿಸಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಂಜುಂಡೇಶನಿಗೆ ನಗು ಬರಲಿಲ್ಲ. ವಿಡಿಯೋದಲ್ಲಿ ಏನೂ ಕಾಣದಿದ್ದರೆ ಮೊದಲು ಊದಿದ್ದೇ ಖಾಯಂ, ಅದು ನಿಯಮ. ಮಾವನ ಮನೆ ಗೋಲೂ ಖಾಯಂ, ಅವನು ಸಾಯುವವರೆಗೆ.

ಇನ್ನೊಂದು ಸಲ ಹಾಕು ಎಂದ. ಈ ಸಲ ಎಸಳನ್ನು ಬಿಟ್ಟು ಮುಖವನ್ನು ನೋಡಿದ. ಚಪ್ಪಾಳೆಗೆ ಎತ್ತಿದ ಅತ್ತೆಯ ಕೈ ಅರ್ಧದಲ್ಲೇ ನಿಂತಿತು. ಮುಖ ಬಾಡಿತು. ಹಣೆ ಚಚ್ಚಿಕೊಂಡಳು. ಆಮೇಲೆ ಶಿಳ್ಳೆ ಕೇಳಿ ತಿರುಗಿ ನೋಡಿ, ಒಂದು ಗಳಿಗೆ ಬೆಪ್ಪಾಗಿ, ಕಡಲೇಕಾಯಿಯೆಲ್ಲ ಚೆಲ್ಲಿ ಕುಣಿದಳು.

ನಂಜುಂಡೇಶ್ ನಡೆದುಕೊಂಡು ಕುರ್ಚಿಯ ಹತ್ತಿರ ಹೋದ. ಅವನ ಬೂಟಿನ ಸದ್ದೂ ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಅತ್ತೆ, ಶಿಳ್ಳೆ ಊದಕ್ ಮುಂಚೆ ಹಣೆ ಯಾಕ್ ಚಚ್ಕೊಂಡ್ರಿ?"

ರುದ್ರಾಣಿಗೆ ರೇಗಿತು. ಅಷ್ಟು ಜನರ ಮುಂದೆ ಅಳಿಯ ಬಂದು ಕೇಳುವ ಪ್ರಶ್ನೆಯೇ ಅದು?

"ಚೆಂಡು ಗೆರೆ ಮ್ಯಾಲೇ ಬಿದ್ಬುಟ್ರೆ ಚಚ್ಕೊಳ್ದೆ ಇನ್ನೇನ್ ಮಾಡ್ಲಿ ಅಳಿಯಂದ್ರೇ?"

ಮೈಕು ಅದನ್ನು ಕಪಿಲೆ ಕಾವೇರಿ ಎರಡಕ್ಕೂ ಮುಟ್ಟಿಸಿತು. ಆಡಿದ್ದೇನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಅವನು ಮೈದಾನದ ನಡುವೆ ನಿಂತು, ಗೆರೆಯ ನೇರಕ್ಕೆ ಕೂತಿದ್ದ ಬಿಳಿಗೆರೆಯವರೇ ನೋಡಿ ಹೇಳಿದ್ದಾರೆ, ಗೋಲು ರದ್ದು ಎಂದು ಸಾರಿಯಾಗಿತ್ತು. ಕೊನೆಗೆ ಪೆನಾಲ್ಟಿಯಲ್ಲಿ ಸೋಸಲೆ ಗೆದ್ದು ಕಪ್ಪು ಎತ್ತಿತು. ಮಾವನ ಮನೆ ಎಂದು ಮೊದಲು ಕೂಗಿದವನೇ ಬಂದು ನಂಜುಂಡೇಶನ ಕೈ ಕುಲುಕಿದ. ಅರ್ಪಿತ ಮಾತ್ರ ಭಾವನ ಕಡೆ ತಿರುಗಿಯೂ ನೋಡದೆ ಹೋಗಿ ಟೆಂಪೋ ಹತ್ತಿದಳು.

ಎಲ್ಲ ಮುಗಿದ ಮೇಲೆ ರುದ್ರಾಣಿ ಅಳಿಯನ ಪಕ್ಕಕ್ಕೆ ಬಂದು, ಯಾರಿಗೂ ಕೇಳಬಾರದೆಂದು ಅವನ ಕಾಲರಿಗೇ ಬಾಯಿಟ್ಟು ಪಿಸುಗುಟ್ಟಿದಳು.

"ನಿಜ ಯೋಳಿ. ನಾ ಒಳೀಕೇ ಬಿತ್ತು ಅಂದಿದ್ರೆ ಏನ್ ಮಾಡ್ತಿದ್ರಿ?"

ಇಡೀ ಮೈದಾನ ಸ್ಪೀಕರಿನ ಕಡೆ ಕಿವಿ ಕೊಟ್ಟು ನಿಂತಿತು. ನಂಜುಂಡೇಶನಿಗೆ ಸುಳ್ಳು ಹೇಳಲು ಬರಲಿಲ್ಲ.

"ಗೋಲೇ ಕೊಡ್ಬೇಕಾಗಿತ್ತು ಅತ್ತೆ. ರೂಲ್ಸ್ ಅಂಗದೆ."

ರುದ್ರಾಣಿ ಮತ್ತೆ ಹಣೆ ಚಚ್ಚಿಕೊಂಡಳು.

"ಕೇಳಕ್ ಮುಂಚೆ ಅದ್ನ ಯೋಳ್ಬಾರ್ದಾಗಿತ್ತಾ?"

ಸೋಸಲೆಯವರೂ ಬಿಳಿಗೆರೆಯವರೂ ಒಟ್ಟಿಗೆ ನಕ್ಕ ಸದ್ದಿಗೆ, ನಿಂತಿದ್ದ ಟೆಂಪೋದೊಳಗಿಂದ ಅರ್ಪಿತ ತಲೆ ಹೊರಗೆ ಹಾಕಿ, ಏನಾಯಿತು ಭಾವ ಎಂದು ಕೇಳಿದಳು.